ಟ್ರೆಬಲ್ ಇಳಿಸಿದ ಕ್ಯಾಸೆಟ್

ಡಬ್ಬನಿಗೆ ತಾಳ ಇರಲಿಲ್ಲ.

ಕಡಿಮೆ ಇತ್ತು ಎಂದಲ್ಲ, ಇರಲೇ ಇಲ್ಲ. ಕೆಲವರ ಮೂಗಿಗೆ ವಾಸನೆ ಹತ್ತುವುದಿಲ್ಲವಲ್ಲ, ಹಾಗೆ. ಹಾಡು ನಡಿಗೆಯಲ್ಲಿ ಶುರುವಾದರೆ ಅವನ ಕೈಗೆ ಸಿಕ್ಕ ಕೂಡಲೇ ಓಟಕ್ಕೆ ಬೀಳುತ್ತಿತ್ತು. ಓಡಿ ಓಡಿ ದಮ್ಮು ಕಟ್ಟಿ, ಎರಡನೇ ಚರಣದ ಹೊತ್ತಿಗೆ ದಾರಿ ಮಧ್ಯೆ ಕೂತುಬಿಡುತ್ತಿತ್ತು. ಆದರೂ ‘ತುಕ್ಕು’ ಎಂಬ ಪಂಕ್ ಬ್ಯಾಂಡಿಗೆ ಅವನೇ ಡ್ರಮ್ಮರ್, ಯಾಕೆಂದರೆ ಡ್ರಮ್ಮುಗಳು ಅವನವು. ಅವನು ಪೇಂಟ್ ಕಾರ್ಖಾನೆಯಲ್ಲಿ ಡಬ್ಬ ತುಂಬುವ ಕೆಲಸದಲ್ಲಿದ್ದ. ನೆಗ್ಗಿದ ಡಬ್ಬ, ಮುಚ್ಚಳ ಕೂರದ ಡಬ್ಬ, ತಳ ಸೋರುವ ದೊಡ್ಡ ಪೀಪಾಯಿ, ಯಾವುದನ್ನು ಕಾರ್ಖಾನೆ ಬಿಸಾಡುತ್ತಿತ್ತೋ ಅದನ್ನೆಲ್ಲ ಸೈಕಲ್ಲಿಗೆ ಬಿಗಿದುಕೊಂಡು ತರುತ್ತಿದ್ದ. ದೊಡ್ಡದಕ್ಕೆ ಹೊಡೆದರೆ ಧಡ್, ಸಣ್ಣದಕ್ಕೆ ಹೊಡೆದರೆ ಟಣ್. ಜೊತೆಗೆ ಹಿಡಿ ಮುರಿದ ಒಂದು ಬಾಣಲೆ. ಇಷ್ಟೇ ಅವನ ಸಾಮಾನು.

ಗಿಟಾರ್ ಹಿಡಿದವನು ಸೋಲ್ಡರ್. ಯಾವಾಗ ನೋಡಿದರೂ ಕೈಯಲ್ಲಿ ಬೆಸುಗೆ ಹಾಕುವ ಕಡ್ಡಿ, ಬೆರಳ ತುದಿಯಲ್ಲಿ ಸುಟ್ಟ ಬೊಬ್ಬೆ ಇರುತ್ತಿದ್ದುದರಿಂದ ಆ ಹೆಸರು. ಕೆಟ್ಟ ರೇಡಿಯೋವೊಂದರ ಹೊಟ್ಟೆ ಬಗೆದು ಆಂಪ್ಲಿಫೈಯರ್ ಮಾಡಿದ್ದ. ಅದು ಮುಟ್ಟಿದರೆ ಶಾಕ್ ಹೊಡೆಯುತ್ತಿತ್ತು, ಮುಟ್ಟದಿದ್ದರೆ ಹಾಡುತ್ತಿರಲಿಲ್ಲ. ಬಾಯಿ ಬಿಟ್ಟು ಹಾಡುತ್ತಿದ್ದವಳು ಕಾಗೆ. ಆ ಹೆಸರನ್ನು ಬೇರೆಯವರು ಇಡುವ ಮೊದಲೇ ಅವಳು ತಾನೇ ಇಟ್ಟುಕೊಂಡಿದ್ದಳು.

ಆಗ ಊರಿನಲ್ಲಿ ಇಂಥ ಬ್ಯಾಂಡುಗಳು ಏಳೆಂಟು ಇದ್ದವು. ಯಾವುದಕ್ಕೂ ಸಭಾಂಗಣ ಸಿಗುತ್ತಿರಲಿಲ್ಲ. ಹಳೇ ಟೈರುಗಳಿಗೆ ಹೊಸ ಪಟ್ಟಿ ಹಾಕುವ ಒಂದು ಗೋದಾಮಿತ್ತು. ಅದರ ವಾಚ್‌ಮನ್ ಒಳ್ಳೆಯವನು, ಮೇಲಾಗಿ ಕಿವುಡ. ವಾರದ ರಜೆಯ ಮಧ್ಯಾಹ್ನ ಶಟರನ್ನು ಮೊಣಕಾಲೆತ್ತರಕ್ಕೆ ಎತ್ತಿ ಎಲ್ಲರನ್ನೂ ಒಳಗೆ ಬಿಡುತ್ತಿದ್ದ. ಗೋಡೆಯುದ್ದಕ್ಕೂ ಛಾವಣಿ ಮುಟ್ಟುವಂತೆ ಟೈರು ಪೇರಿಸಿದ್ದರು. ಎಂಥ ಗದ್ದಲವನ್ನೂ ಆ ರಬ್ಬರು ನುಂಗಿ ಸುಮ್ಮನಾಗುತ್ತಿತ್ತು. ಪೋಸ್ಟರುಗಳನ್ನು ಯಾರದ್ದೋ ಆಫೀಸಿನ ಜೆರಾಕ್ಸ್ ಮೆಷಿನ್ನಿನಲ್ಲಿ, ಸಾಹೇಬರು ಊಟಕ್ಕೆ ಹೋದಾಗ ತೆಗೆಯುತ್ತಿದ್ದರು. ಕ್ಯಾಸೆಟ್ಟುಗಳು ಹಳೆಯವು. ಮೇಲಿನ ಎರಡು ಕಿಂಡಿಗೆ ಅಂಟುಪಟ್ಟಿ ಹಚ್ಚಿದರೆ ಯಾವುದರ ಮೇಲೆ ಬೇಕಾದರೂ ರೆಕಾರ್ಡ್ ಮಾಡಬಹುದಿತ್ತು. ಹಾಗಾಗಿ ‘ತುಕ್ಕು’ವಿನ ಹಾಡು ಮುಗಿದ ಕೂಡಲೇ ಅಡಿಯಲ್ಲಿ ಉಳಿದಿದ್ದ ಭಾಷಾಪಾಠದ ಗಂಡಸೊಬ್ಬ ಬಂದು, “ಈಗ ನೀವು ಹೇಳಿ: ರೈಲು ನಿಲ್ದಾಣ ಎಲ್ಲಿದೆ?” ಎಂದು ಗಂಭೀರವಾಗಿ ಕೇಳುವುದೂ ಇತ್ತು.

ಗೋದಾಮಿನ ಒಳಗೋಡೆಯ ಮೇಲೆ ಡಬ್ಬ ತಂದ ಕೆಂಪು ಎನಾಮಲ್ ಬಣ್ಣದಲ್ಲಿ ಕಾಗೆ ದೊಡ್ಡದಾಗಿ ಬರೆದಿದ್ದಳು: ಬರದಿದ್ದರೂ ಬಾರಿಸು. ಅದೊಂದೇ ಕಾನೂನು. ಬಂದವರ ಕೈಗೆ ಏನು ಸಿಗುತ್ತದೋ ಅದನ್ನು ಬಾರಿಸಬಹುದು, ಯಾರೂ ಬೇಡ ಎನ್ನುವಂತಿಲ್ಲ. ಸೋಲ್ಡರನ ಅಣ್ಣ ಶಾಲೆಯಲ್ಲಿ ಮೇಷ್ಟ್ರು. ಒಮ್ಮೆ ಬಂದು ಕೇಳಿ, ಕಿವಿಗೆ ಬೆರಳಿಟ್ಟುಕೊಂಡು ಹೊರಗೆ ಹೋಗಿ, “ಪಂಕ ಅಂದ್ರೆ ಕೆಸರು ಕಣೋ. ನಿಮಗೆ ಸರಿಯಾದ ಹೆಸರೇ ಇಟ್ಟಿದಾರೆ,” ಎಂದಿದ್ದ.

ಕೆಸರೇ ಇರಲಿ, ಆ ಕೆಸರಿನಲ್ಲಿ ಡಬ್ಬನಷ್ಟು ಸುಖವಾಗಿ ಹೊರಳಿದವನು ಇನ್ನೊಬ್ಬನಿಲ್ಲ.

ಒಂದು ಸಲ ಬೇರೆ ಊರಿನ ಬ್ಯಾಂಡೊಂದು ಬಂದಿತ್ತು. ಅವರಲ್ಲೊಬ್ಬ ‘ತುಕ್ಕು’ವಿನ ಹಾಡು ಕೇಳಿ, “ನಿಮ್ಮ ಡ್ರಮ್ಮರ್ ಬಾರಿಸ್ತಾ ಇದಾನಾ, ಇಲ್ಲಾ ಮೆಟ್ಟಿಲ ಮೇಲಿಂದ ಬೀಳ್ತಾ ಇದಾನಾ?” ಎಂದ. ಎಲ್ಲರೂ ನಕ್ಕರು, ಎಲ್ಲರಿಗಿಂತ ಜೋರಾಗಿ ಡಬ್ಬನೇ ನಕ್ಕ. ನಗದವನು ಸೋಲ್ಡರ್ ಒಬ್ಬನೇ. ಅವನಿಗೆ ಅದು ಜೀರ್ಣವಾಗಲಿಲ್ಲ. ಕಾನೂನು ಗೋಡೆಯ ಮೇಲೆ ಚೆನ್ನ, ಆದರೆ ಬೇರೆ ಊರಿನವರು ನಗಬಾರದಲ್ಲ.

ಮುಂದಿನ ತಿಂಗಳು ಅವರು ತಮ್ಮ ಒಂಬತ್ತು ಹಾಡುಗಳನ್ನು ರೆಕಾರ್ಡ್ ಮಾಡಿದರು. ಡಬ್ಬ ಅದಕ್ಕಾಗಿ ಹೊಸ ಕ್ಯಾಸೆಟ್ ತಂದಿದ್ದ, ಅಂಗಡಿಯಿಂದ ಕೊಂಡದ್ದು, ಮೇಲಿನ ಹಾಳೆ ಕೂಡ ಹರಿಯದ್ದು. ಹರಿಯುವ ಮುಂಚೆ ಮೂಗಿಗೆ ಹಿಡಿದು ವಾಸನೆ ನೋಡಿದ. ಭಾನುವಾರ ಬೆಳಗ್ಗೆ ಶುರು ಮಾಡಿದ್ದು ಸಂಜೆಗೆ ಮುಗಿಯಿತು. ಡಬ್ಬನ ಅಂಗಿ ಹಿಂಡಿದರೆ ನೀರು ಬರುವಂತಿತ್ತು.

“ಹೆಂಗಿತ್ತೋ?” ಎಂದ.

“ಚೆನ್ನಾಗಿತ್ತು,” ಎಂದ ಸೋಲ್ಡರ್.

ಮನೆಗೆ ಹೋಗಿ ಕೇಳಿದ. ಮೆಟ್ಟಿಲ ಮೇಲಿಂದ ಬೀಳುವ ಸದ್ದೇ. ಒಂಬತ್ತೂ ಹಾಡುಗಳಲ್ಲಿ ಒಂಬತ್ತು ಸಲ ಬಿದ್ದಿದ್ದ.

ಮುಂದಿನ ವಾರ, ರಜೆಯ ದಿನವೂ ಡಬ್ಬನಿಗೆ ಹಗಲು ಪಾಳಿ ಬಿದ್ದಿದ್ದನ್ನು ನೋಡಿಕೊಂಡು, ಸೋಲ್ಡರ್ ಗೋದಾಮಿಗೆ ಒಬ್ಬ ಡ್ರಮ್ಮರನನ್ನು ಕರೆತಂದ. ದೊಡ್ಡ ಹೋಟೆಲೊಂದರಲ್ಲಿ ಊಟ ಮಾಡುವವರಿಗೆ ಬಾರಿಸುತ್ತಿದ್ದವನು. ಸೋಲ್ಡರ್ ಅವನ ಮನೆಯ ಫ್ಯಾನ್ ರಿಪೇರಿ ಮಾಡಿಕೊಟ್ಟಿದ್ದ. ಆತ ಡಬ್ಬಗಳ, ಬಾಣಲೆಯ ಮುಂದೆ ಕೂತು, ಅಂಗಡಿಯಲ್ಲಿ ತಟ್ಟೆ ತಟ್ಟಿ ನೋಡುವವರ ಹಾಗೆ ಒಂದೊಂದನ್ನೂ ತಟ್ಟಿದ. ಆಮೇಲೆ ಚೀಲದಿಂದ ತನ್ನ ಹೈಹ್ಯಾಟ್ ತೆಗೆದ. ಕಾಲಿನಿಂದ ತುಳಿದರೆ ತಬ್ಬಿಕೊಂಡು ಬಿಡುವ ಜೋಡಿ ಹಿತ್ತಾಳೆ ತಟ್ಟೆ.

“ಅದು ಬೇಡ,” ಎಂದ ಸೋಲ್ಡರ್. “ನಮ್ಮತ್ರ ಇದು ಇಲ್ಲ.”

“ಇದಿಲ್ದೆ ಕೂತ್ರೆ ನನ್ನ ಎಡಗಾಲು ಏನು ಮಾಡ್ಬೇಕು?”

“ಸರಿ. ಆದ್ರೆ ಸ್ವಲ್ಪ ತಪ್ಪು ತಪ್ಪಾಗಿ ಬಾರಿಸಿ. ತೀರಾ ಸರಿಯಾಗಿದ್ರೆ ಗೊತ್ತಾಗಿಬಿಡುತ್ತೆ.”

ಆತ ಪ್ರಯತ್ನಪಟ್ಟ, ಆಗಲಿಲ್ಲ. “ತಪ್ಪು ಬಾರಿಸೋಕೆ ನಂಗೆ ಬರಲ್ಲಪ್ಪ,” ಎಂದು ಕೈ ಚೆಲ್ಲಿದ. “ಅದಕ್ಕೂ ಅಭ್ಯಾಸ ಬೇಕು.”

ಹೊಸ ಕ್ಯಾಸೆಟ್ ಇದ್ದದ್ದು ಒಂದೇ. ಸೋಲ್ಡರ್ ಅದನ್ನು ಹಿಂದಕ್ಕೆ ಸುತ್ತತೊಡಗಿದಾಗ ಕಾಗೆ, “ಇದ್ರಲ್ಲಿ ಡಬ್ಬಂದು ಇದೆಯಲ್ಲೋ,” ಎಂದಳು.

“ಅದನ್ನಿಟ್ಕೊಂಡು ಏನು ಮಾಡ್ತೀಯಾ? ಉಪ್ಪಿನಕಾಯಿ ಹಾಕ್ತೀಯಾ?”

ಕ್ಯಾಸೆಟ್ ಮಾರುವ ಅಂಗಡಿ ಎರಡು ಬೀದಿ ಆಚೆಗಿತ್ತು. ಮಳೆ ಬರುತ್ತಿರಲಿಲ್ಲ, ಅಂಗಡಿ ಮುಚ್ಚಿರಲಿಲ್ಲ. ಎದ್ದು ಹೋಗಿ ಇನ್ನೊಂದು ತರಬಹುದಿತ್ತು. ಸೋಲ್ಡರ್ ಎದ್ದು ಹೋಗಲಿಲ್ಲ. ಕಾಗೆ ಇನ್ನೊಂದು ಮಾತು ಆಡಲಿಲ್ಲ. ಕೆಂಪು ಗುಂಡಿ ಒತ್ತಿದರು.

ಆಮೇಲೆ ಡಬ್ಬನಿಗೆ ಕೊಡುವುದಕ್ಕೆಂದು ಸೋಲ್ಡರ್ ಬೇರೆಯೇ ಒಂದು ಪ್ರತಿ ಮಾಡಿದ. ಅದನ್ನು ಮಾಡುವಾಗ ಟ್ರೆಬಲ್, ಅಂದರೆ ಸಣ್ಣ ಚೂಪು ಸದ್ದುಗಳನ್ನು ಎತ್ತಿಹಿಡಿಯುವ ಗುಂಡಿಯನ್ನು, ಪೂರ್ತಿ ಇಳಿಸಿದ. ಹೈಹ್ಯಾಟಿನ ತ್ಸ್ ತ್ಸ್ ಎಲ್ಲ ಟೇಪಿನ ಸುಯ್ಗುಡುವ ಸದ್ದಿನಲ್ಲಿ ಕರಗಿ, ಕಂಬಳಿ ಹೊದೆಸಿದಂತೆ ಆಯಿತು. ಡಬ್ಬ ಕೇಳಿದ. ಎರಡನೇ ಹಾಡಿಗೆ ಅವನ ಕಣ್ಣು ತುಂಬಿಬಂತು.

“ಟೇಪಲ್ಲಿ ಕೇಳಿದ್ರೆ ಎಷ್ಟು ಬೇರೆ ಥರ ಇರುತ್ತೆ ನೋಡ್ರೋ,” ಎಂದ. “ಬಾರಿಸೋವಾಗ ಇಷ್ಟು ಚೆನ್ನಾಗಿದೆ ಅಂತ ಗೊತ್ತೇ ಆಗಿರಲಿಲ್ಲ ನಂಗೆ.”

ಆ ಪ್ರತಿಯಿಂದ ಉಳಿದ ಪ್ರತಿಗಳನ್ನೆಲ್ಲ ಮಾಡಿದವನು ಅವನೇ. ಮನೆಯಲ್ಲಿ ಎರಡು ಟೇಪ್‌ರೆಕಾರ್ಡರ್ ಜೋಡಿಸಿಕೊಂಡು, ಪಾಳಿ ಮುಗಿಸಿ ಬಂದು, ಒಂದಾದ ಮೇಲೊಂದರಂತೆ. ಹೋಟೆಲಿನವನ ಕೈಯನ್ನು ತನ್ನ ಕೈ ಎಂದುಕೊಂಡು ಕೂತು ನೂರಾರು ಸಲ ಕೇಳಿದ. ಅದು ಊರೂರಿಗೆ ಹೋಯಿತು. ಯಾರೂ ನಗಲಿಲ್ಲ.

ಬ್ಯಾಂಡು ಆಮೇಲೆ ಎಲ್ಲ ಬ್ಯಾಂಡುಗಳ ಹಾಗೆ ಮುಗಿಯಿತು. ಗೋದಾಮು ಒಡೆದರು. ಕಾಗೆಗೆ ಕೋರ್ಟಿನಲ್ಲಿ ಕೇಸುಗಳ ಹೆಸರು ಕೂಗುವ ನೌಕರಿ ಸಿಕ್ಕಿತು. “ಕೂಗೋದಕ್ಕೆ ಈಗ ಸಂಬಳ ಕೊಡ್ತಾರೆ,” ಎನ್ನುತ್ತಿದ್ದಳು. ಸೋಲ್ಡರ್ ಮೋಟಾರ್ ವೈಂಡಿಂಗ್ ಅಂಗಡಿ ಹಾಕಿದ. ಡಬ್ಬ ಅದೇ ಪೇಂಟ್ ಕಾರ್ಖಾನೆಯಲ್ಲಿ ಉಳಿದು ಮೇಸ್ತ್ರಿಯಾದ, ಮದುವೆಯಾದ, ಮಗಳು ಹುಟ್ಟಿದಳು.

ಇಬ್ಬರ ಸ್ನೇಹ ನಿಲ್ಲಲಿಲ್ಲ. ನಿಂತಿದ್ದರೆ ಸೋಲ್ಡರನಿಗೆ ಸುಲಭವಿತ್ತು. ಡಬ್ಬನ ಮನೆಯ ನೀರಿನ ಪಂಪು, ಮಿಕ್ಸಿ, ಫ್ಯಾನು ಏನು ಸುಟ್ಟರೂ ಅವನೇ ಹೋಗಿ ಬಿಚ್ಚಿಕೊಂಡು ಬಂದು ಹೊಸ ತಂತಿ ಸುತ್ತಿ ಕೊಡುತ್ತಿದ್ದ, ಬಿಡಿಗಾಸು ಮುಟ್ಟುತ್ತಿರಲಿಲ್ಲ. ಡಬ್ಬನ ಹೆಂಡತಿ, “ಇವರ ಸ್ವಂತ ತಮ್ಮನಾಗಿದ್ರೂ ಇಷ್ಟು ಮಾಡ್ತಿರಲಿಲ್ಲ ಅಣ್ಣಾ,” ಎನ್ನುವಳು. ಆ ‘ಅಣ್ಣಾ’ ಕೇಳಿದರೆ ಸೋಲ್ಡರ್ ಬಗ್ಗಿ ಪ್ಲಗ್ಗಿನ ಸ್ಕ್ರೂ ಇನ್ನೊಮ್ಮೆ ಬಿಗಿಯುತ್ತಿದ್ದ. ಗಾಜಿನ ಬೀರುವಿನಲ್ಲಿ, ಮಗಳು ಶಾಲೆಯಲ್ಲಿ ಗೆದ್ದ ಕಪ್ಪುಗಳ ಪಕ್ಕ, ಆ ಕ್ಯಾಸೆಟ್ ಇರುತ್ತಿತ್ತು. ಅವನು ಬೀರುವಿಗೆ ಬೆನ್ನು ಹಾಕುವ ಕುರ್ಚಿಯಲ್ಲೇ ಕೂರುತ್ತಿದ್ದ.

ಮಗಳು ಅದನ್ನು ಕೇಳಿಕೊಂಡೇ ಬೆಳೆದಳು, ಕೇಳಿಕೊಂಡೇ ಡ್ರಮ್ ಕಲಿತಳು. ಡಬ್ಬ ಆಗೀಗ ಊಟದ ಮೇಜಿನ ಮೇಲೆ ಬೆರಳಿನಿಂದ ಬಾರಿಸಿದರೆ ಅದು ಎಲ್ಲೆಲ್ಲೋ ಓಡಿಹೋಗುತ್ತಿತ್ತು. “ನಮ್ಮಪ್ಪ ಬೇಕಂತ್ಲೇ ತಪ್ಪು ಬಾರಿಸ್ತಾರೆ ಮಾಮಾ, ನನ್ನ ಗೋಳು ಹುಯ್ಕೊಳ್ಳೋಕೆ,” ಎಂದು ಅವಳು ನಗುವಳು. ಡಬ್ಬನೂ ನಗುವನು. ಸೋಲ್ಡರ್ ನೀರು ಕುಡಿಯುವನು.

ಹೀಗಿರುವಾಗ ಲೈಬ್ರರಿಯವಳು ಬಂದಳು. ಊರಿನ ಸಾರ್ವಜನಿಕ ಲೈಬ್ರರಿಯಲ್ಲಿ ಹಳೇ ಧ್ವನಿಮುದ್ರಣಗಳನ್ನು ನೋಡಿಕೊಳ್ಳುವ ಹುಡುಗಿ. ಆ ಕಾಲದ ಪಂಕ್ ಬ್ಯಾಂಡುಗಳನ್ನೆಲ್ಲ ಸೇರಿಸಿ ಒಂದು ಡಿಸ್ಕ್ ತರುತ್ತಿದ್ದಳು. ಅಂಗಡಿಯಲ್ಲಿ ಕೂರಲು ಜಾಗ ಕೊಟ್ಟರೂ ಕೂರದೆ, ವಾರ್ನಿಷ್ ವಾಸನೆಗೆ ಮೂಗು ಸುಕ್ಕಿಸಿಕೊಂಡು ನಿಂತೇ ಮಾತಾಡಿದಳು.

“ಸರ್, ‘ತುಕ್ಕು’ ಕ್ಯಾಸೆಟ್ ನಾಲ್ಕು ಸಿಕ್ಕಿದೆ. ನಾಲ್ಕೂ ನಕಲಿನ ನಕಲು. ಬಾವಿ ಒಳಗಿಂದ ಹಾಡ್ದಂಗಿದೆ. ಮೂಲದ್ದು ಯಾರತ್ರ ಆದ್ರೂ ಇದೆಯಾ?”

ಇಲ್ಲ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಮೂಲದ್ದು ಅವನ ಕಪಾಟಿನಲ್ಲಿ, ಕಾಯಿಲ್‌ಗೆ ಸುತ್ತುವ ಹಳದಿ ಕಾಗದದಲ್ಲಿ ಭದ್ರವಾಗಿತ್ತು. ಬಾವಿ ಒಳಗಿಂದ ಎಂದಳಲ್ಲ, ಅದು ಚುಚ್ಚಿತು. ಬೇರೆ ಊರಿನವರು ನಗಬಾರದು ಎಂದುಕೊಂಡಿದ್ದ ಮನುಷ್ಯ, ತಲೆ ಹಣ್ಣಾದರೂ ಅವನೇ ಇದ್ದ. ತೆಗೆದು ಕೊಟ್ಟ.

ಒಂದು ವಾರದ ಮೇಲೆ ಅವಳ ಫೋನ್ ಬಂತು. “ಅಬ್ಬಾ ಸರ್, ಎಷ್ಟು ಸ್ಪಷ್ಟವಾಗಿದೆ! ಈಗ ಕಂಪ್ಯೂಟರಲ್ಲಿ ಒಂದೊಂದು ವಾದ್ಯನೂ ಬೇರೆ ಬೇರೆ ಮಾಡ್ಬಹುದು ಗೊತ್ತಾ? ಹೈಹ್ಯಾಟ್ ಕೂಡ ಒಂದೊಂದೂ ಕೇಳುತ್ತೆ.”

ಸೋಲ್ಡರ್ ಆಗ ಪಂಪಿನ ಮೋಟಾರಿಗೆ ತಂತಿ ಸುತ್ತುತ್ತಿದ್ದ. ಕೈ ನಿಂತಿತು. ಎಷ್ಟು ಸುತ್ತಾಗಿತ್ತು ಎಂಬ ಲೆಕ್ಕ ತಪ್ಪಿ, ಬಿಚ್ಚಿ ಮೊದಲಿನಿಂದ ಸುತ್ತಬೇಕಾಯಿತು.

“ಬೇರೆ ಮಾಡ್ಬೇಡಮ್ಮಾ,” ಎಂದ. “ಹಾಡು ಹಾಡಿನ ಹಾಗೇ ಇರಲಿ.”

“ಡಿಸ್ಕಲ್ಲಿ ಹಾಗೇ ಇರುತ್ತೆ ಸರ್. ಅದು ಬರೋ ಮುಂಚೆ, ಈ ಭಾನುವಾರ ಬೆಳಗ್ಗೆ ನಮ್ಮ ಹಾಲಲ್ಲಿ ಹಾಡು ಕೇಳಿಸ್ತೀವಿ, ಎಲ್ಲರೂ ಬರ್ತಾರೆ. ಡಬ್ಬ ಸರ್ ಮಗಳ ಬ್ಯಾಂಡ್ ಇದೆ. ಡಬ್ಬ ಸರ್ ಕೂಡ ಒಂದು ಹಾಡಿಗೆ ಬಾರಿಸ್ತಾರಂತೆ!”

ಅವನು ಮಧ್ಯಾಹ್ನದ ಊಟ ಬಿಟ್ಟು ಕಾಗೆಗೆ ಫೋನ್ ಮಾಡಿದ.

“ನಾನು.”

“ನಾನು ಅಂದ್ರೆ ಯಾರು? ಇದು ಕೋರ್ಟು, ಹೆಸರು ಹೇಳಿ.”

“ಸೋಲ್ಡರ್ ಕಣೆ.”

“ಓ, ಇದೀಯಾ ಇನ್ನೂ?”

ವಿಷಯ ಹೇಳಿದ.

“ಹೇಳಿಬಿಡ್ಲಾ ಅವನಿಗೆ, ಮುಂಚೆನೇ?” ಎಂದ.

“ಅದ್ರಿಂದ ಯಾರಿಗೆ ಒಳ್ಳೇದು?”

“ಅವನಿಗೇ. ಎಲ್ಲರ ಮುಂದೆ ಗೊತ್ತಾಗೋದಕ್ಕಿಂತ...”

“ಬೊಗಳೆ ಬಿಡ್ಬೇಡ. ನಿನ್ನ ಎದೆ ಮೇಲಿನ ಕಲ್ಲು ಇಳಿಸ್ಕೋಬೇಕು ನಿಂಗೆ. ಇಳಿಸಿ ಎಲ್ಲಿಡ್ತೀಯಾ? ಅವನ ತಲೆ ಮೇಲೆ. ಗೊತ್ತಿರೋರು ಮೂರೇ ಜನ ಕಣೋ. ಹೋಟೆಲಿನವನು ಇದಾನೋ ಇಲ್ವೋ. ನಾನು ಬಾಯಿ ಬಿಡಲ್ಲ. ಇನ್ನು ನೀನು.”

“ಭಾನುವಾರ ಬರ್ತೀಯಾ?”

“ಬಂದು ಅವನ ಮುಖ ಹೆಂಗೆ ನೋಡ್ಲಿ? ಇಡು, ಕೇಸ್ ಕರೀಬೇಕು.”

ಫೋನ್ ಇಡಲು ಮರೆತಳು. ಯಾರದೋ ಹೆಸರನ್ನು ಮೂರು ಸಲ ಕೂಗಿದ್ದು ಅವನಿಗೆ ಕೇಳಿಸಿತು. ಗಂಟಲು ಸ್ವಲ್ಪವೂ ಬದಲಾಗಿರಲಿಲ್ಲ.

ಕಾಗೆಯ ಮಾತು ಅವನಿಗೆ ಬೇಕಾದ ಮಾತೇ ಆಗಿತ್ತು. ಸುಮ್ಮನಿರಲು ಕಾರಣ ಸಿಕ್ಕಿತ್ತು. ಸುಮ್ಮನಿದ್ದ.

ಭಾನುವಾರ ಲೈಬ್ರರಿಯ ಹಾಲು ತುಂಬಿತ್ತು. ಹಿಂದೆ ಕೂದಲನ್ನು ಅಂಟು ಹಚ್ಚಿ ಮುಳ್ಳು ಮಾಡಿಕೊಂಡು ತಿರುಗಿದವರ ತಲೆಯಲ್ಲಿ ಈಗ ಮುಳ್ಳೂ ಇಲ್ಲ, ಗಿಡವೂ ಇಲ್ಲ. ಒಬ್ಬರ ಹೊಟ್ಟೆ ನೋಡಿ ಒಬ್ಬರು ನಕ್ಕು ತಬ್ಬಿಕೊಳ್ಳುತ್ತಿದ್ದರು. ಡಬ್ಬ ಇಸ್ತ್ರಿ ಮಾಡಿದ ಕಪ್ಪು ಅಂಗಿ ಹಾಕಿಕೊಂಡು, ಹೆಂಡತಿಯನ್ನೂ ಹೆಂಡತಿಯ ತಂಗಿಯನ್ನೂ ಕಾರ್ಖಾನೆಯ ನಾಲ್ವರು ಕೆಲಸಗಾರರನ್ನೂ ಕರೆದುಕೊಂಡು ಬಂದಿದ್ದ. ವೇದಿಕೆಯ ಮೇಲೆ ಮಗಳ ಡ್ರಮ್ಮುಗಳ ಪಕ್ಕದಲ್ಲಿ ಎರಡು ಪೇಂಟ್ ಡಬ್ಬಗಳೂ ಒಂದು ಪೀಪಾಯಿಯೂ ಇದ್ದವು. ಅವನು ಹಿಂದಿನ ದಿನವೇ ತಂದಿಟ್ಟು ಒರೆಸಿದ್ದ.

“ಬಾರಿಸೋಕೆ ಬರುತ್ತೋ ಇಲ್ವೋ ಕಣೋ,” ಎಂದು ಸೋಲ್ಡರನ ಕಿವಿಯಲ್ಲಿ ಹೇಳಿದ. “ಕೋಲು ಹಿಡಿದು ಎಷ್ಟು ಕಾಲ ಆಯ್ತು. ಮಗಳ ಮುಂದೆ ಮರ್ಯಾದೆ ಹೋಗ್ಬಾರ್ದು ನೋಡು.”

“ಹೋಗಲ್ಲ ಬಿಡು,” ಎಂದ ಸೋಲ್ಡರ್.

ಮೊದಲು ಎರಡು ಹಾಡು ಪೂರ್ತಿ ಕೇಳಿಸಿದರು. ಗಿಟಾರಿನ ಅಬ್ಬರದಲ್ಲಿ, ಕಾಗೆಯ ಕಿರುಚಾಟದಲ್ಲಿ ಬೇರೇನೂ ತಿಳಿಯುತ್ತಿರಲಿಲ್ಲ. ಸೋಲ್ಡರ್ ಉಸಿರು ಬಿಟ್ಟ. ಆಗ ಡಬ್ಬನ ಮಗಳು ಮೈಕ್ ಹಿಡಿದಳು.

“ನಮ್ಮಪ್ಪಂಗೆ ಗೊತ್ತಿಲ್ದೆ ಒಂದು ಕೆಲಸ ಮಾಡಿಸಿದೀನಿ,” ಎಂದಳು. “ಬರೀ ಅಪ್ಪ ಬಾರಿಸಿದ್ದನ್ನ ಮಾತ್ರ ಬೇರೆ ತೆಗೆಸಿದೀನಿ. ನಾನು ಡ್ರಮ್ ಕಲಿತಿದ್ದು ಇದನ್ನ ಕೇಳಿ. ನೀವೂ ಕೇಳಿ.”

ಗಿಟಾರ್ ಇಲ್ಲ, ಹಾಡು ಇಲ್ಲ. ಧಡ್, ಟಣ್, ಬಾಣಲೆಯ ಕಣ್. ಅವುಗಳ ಮೇಲೆ, ಒಂದೇ ಸಮನೆ, ಒಂದು ಕೂದಲೆಳೆ ಆಚೀಚೆ ಆಗದಂತೆ, ತ್ಸ್ ತ್ಸ್ ತ್ಸ್ ತ್ಸ್. ಕಾರ್ಖಾನೆಯ ಕೆಲಸಗಾರರು ಶಿಳ್ಳೆ ಹೊಡೆದರು. ಡಬ್ಬನ ಹೆಂಡತಿ ತಂಗಿಯ ಕೈ ಹಿಡಿದುಕೊಂಡಳು. ಡಬ್ಬ ನಗುತ್ತಾ ತಲೆ ತಗ್ಗಿಸಿ ಕೇಳುತ್ತಿದ್ದ. ನಗು ಮುಖದ ಮೇಲೆ ಹಾಗೇ ಇತ್ತು, ಆದರೆ ಕಿವಿ ಬೇರೆ ಎಲ್ಲೋ ಹೋಗಿತ್ತು.

“ಇದೇನು ಇದು, ತ್ಸ್ ತ್ಸ್ ಅಂತಿರೋದು?” ಎಂದು ಮುಂದೆ ನಿಂತಿದ್ದ ಲೈಬ್ರರಿಯವಳನ್ನು ಕೇಳಿದ.

“ಹೈಹ್ಯಾಟ್ ಸರ್.”

“ನಮ್ಮತ್ರ ಹೈಹ್ಯಾಟ್ ಇರಲಿಲ್ಲಮ್ಮ.”

ಅವಳು ಸೋಲ್ಡರನ ಕಡೆ ನೋಡಿದಳು. ಡಬ್ಬನೂ ನೋಡಿದ. ಪಕ್ಕದ ಸಾಲಿನವರೂ ತಿರುಗಿದರು.

“ಅದು ಟೇಪಿನ ಸದ್ದು,” ಎಂದ ಸೋಲ್ಡರ್. “ಹಳೇ ಟೇಪು ಸುಯ್ ಅನ್ನುತ್ತಲ್ಲ, ಅದನ್ನ ಕಂಪ್ಯೂಟರ್ ತಪ್ಪು ತಿಳ್ಕೊಂಡಿದೆ.”

ಲೈಬ್ರರಿಯವಳು ಏನೋ ಹೇಳಲು ಬಾಯಿ ತೆರೆದಳು. ಡಬ್ಬ ಅವಳಿಗಿಂತ ಮುಂಚೆ, “ಹೌದೌದು, ಅದೇ ಇರಬೇಕು,” ಎಂದ. ಹೆಂಡತಿಯ ಕಡೆ ತಿರುಗಿ, “ಟೇಪ್ ಹಳೇದಲ್ವಾ,” ಎಂದ. ಹಾಡು ಮುಗಿಯುವವರೆಗೂ ಕೂತು, ಎಲ್ಲರ ಜೊತೆ ಚಪ್ಪಾಳೆ ತಟ್ಟಿ, ಆಮೇಲೆ ಎದ್ದು ಹೊರಗೆ ಹೋದ. ಹೋಗುವಾಗ ಸೋಲ್ಡರನ ಭುಜ ಮುಟ್ಟಿದ.

ಹೊರಗೆ ಸೈಕಲ್ ನಿಲ್ಲಿಸುವ ಜಾಗದಲ್ಲಿ ಬಿಸಿಲು ಚುರುಕಾಗಿತ್ತು. ಡಬ್ಬ ಒಂದು ಸೈಕಲ್ಲಿನ ಸೀಟಿಗೆ ಒರಗಿ ನಿಂತಿದ್ದ.

“ಯಾರು?” ಎಂದ.

“ಏನು ಯಾರು?”

“ಲೋ. ಯಾರು ಅಂತ ಕೇಳ್ದೆ.”

“ಹೋಟೆಲಲ್ಲಿ ಬಾರಿಸ್ತಿದ್ದ ಒಬ್ಬ.”

“ಒಂಬತ್ತೂ?”

“ಒಂಬತ್ತೂ.”

“ನನ್ನ ಡಬ್ಬಗಳ ಮೇಲೇನಾ?”

“ಹೂಂ.”

“ಚೆನ್ನಾಗಿ ಬಾರಿಸಿದಾನೆ,” ಎಂದ ಡಬ್ಬ. ಕುಹಕವಿರಲಿಲ್ಲ. “ಕಾಗೆಗೆ ಗೊತ್ತಿತ್ತಾ?”

“ಹೂಂ.”

“ಅದಕ್ಕೇ ಇವತ್ತು ಬಂದಿಲ್ಲ.” ಸೈಕಲ್ಲಿನ ಬೆಲ್ಲನ್ನು ಒಮ್ಮೆ ಒತ್ತಿ, “ಅಷ್ಟು ಕೆಟ್ಟದಾಗಿ ಬಾರಿಸ್ತಿದ್ನೇನೋ ನಾನು?” ಎಂದ.

ಸೋಲ್ಡರನಿಗೆ ಇನ್ನೊಂದು ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ನುಂಗಿದ. “ಹೂಂ,” ಎಂದ.

“ಮುಖಕ್ಕೆ ಹೇಳ್ಬಹುದಿತ್ತಲ್ಲೋ. ನಾನೇನು ಅಳ್ತಾ ಕೂರ್ತಿದ್ನಾ? ಅವನಿಗೆ ಡಬ್ಬ ಬಿಟ್ಟುಕೊಟ್ಟು ಪಕ್ಕದಲ್ಲಿ ಕೂತು ನೋಡ್ತಿದ್ದೆ. ಬಾಣಲೆನಾದ್ರೂ ಹಿಡ್ಕೊಂಡಿರ್ತಿದ್ದೆ.” ಅಂಗೈಯಿಂದ ಮುಖ ಒರೆಸಿಕೊಂಡ. “ನಿನ್ನನ್ನ ಏನು ಬೈಯೋದು ಈಗ. ಇರೋ ವಯಸ್ಸೆಷ್ಟು ಇನ್ನು. ನೋಡು, ಒಂದು ಕೆಲಸ ಮಾಡು. ನಂದು ಇದೆಯಲ್ಲ, ಆ ಭಾನುವಾರ ನಾನು ಬಾರಿಸಿದ್ದು? ಅದನ್ನ ಕೊಡು. ಮಗಳಿಗೆ ಕೇಳಿಸ್ತೀನಿ. ಇದಮ್ಮಾ ನಿಮ್ಮಪ್ಪ ಅಂತೀನಿ. ನಗ್ತಾಳೆ, ನಗಲಿ. ಎಷ್ಟು ಕೆಟ್ಟದಾಗಿದ್ರೂ ನಂದು ತಾನೆ.”

ಸೋಲ್ಡರ್ ಸೈಕಲ್ಲುಗಳ ಸಾಲನ್ನೇ ನೋಡುತ್ತಿದ್ದ.

“ಏನೋ?”

“ಅದಿಲ್ಲ.”

“ಇಲ್ಲ ಅಂದ್ರೆ? ಕಳೆದೋಯ್ತಾ?”

“ಅದರ ಮೇಲೇ ಮಾಡಿದ್ವಿ. ಅದೇ ಕ್ಯಾಸೆಟ್ ಮೇಲೆ.”

“ನಾನು ತಂದಿದ್ದ ಕ್ಯಾಸೆಟ್?”

“ಹೂಂ.”

ಒಳಗಿನಿಂದ ಯಾರೋ ಮೈಕ್ ಪರೀಕ್ಷೆ ಮಾಡುತ್ತಿರುವ ಸದ್ದು ಬಂತು. ಡಬ್ಬ ಸೀಟಿನಿಂದ ಎದ್ದು ನೆಟ್ಟಗೆ ನಿಂತ.

“ಅಂಗಡಿ ಅಲ್ಲೇ ಇತ್ತಲ್ಲೋ,” ಎಂದ.

ಅಷ್ಟೇ ಹೇಳಿದ್ದು. ಬೈದಿದ್ದರೆ ಸೋಲ್ಡರ್ ಬೈಸಿಕೊಳ್ಳುತ್ತಿದ್ದ, ಹೊಡೆದಿದ್ದರೆ ಹೊಡೆಸಿಕೊಳ್ಳುತ್ತಿದ್ದ. ಅದಕ್ಕೆಲ್ಲ ಎಷ್ಟೋ ಕಾಲದಿಂದ ತಯಾರಾಗಿದ್ದ. ಅಂಗಡಿಯ ಪ್ರಶ್ನೆಗೆ ಮಾತ್ರ ತಯಾರಾಗಿರಲಿಲ್ಲ. ಏನಾದರೂ ಹೇಳಬೇಕೆಂದು, “ಆಗ ನಂಗೆ...” ಎಂದು ಶುರು ಮಾಡಿದ.

ಮಗಳು ಬಾಗಿಲಿಗೆ ಬಂದು ಕೋಲುಗಳನ್ನು ಮೇಲೆತ್ತಿ ಆಡಿಸಿದಳು. “ಅಪ್ಪಾ, ಎಲ್ಲಿ ಹೋದ್ರಿ? ಎಲ್ಲರೂ ಕಾಯ್ತಿದಾರೆ. ಬನ್ನಿ, ನಿಮ್ಮ ಜಾಗ ರೆಡಿ.”

“ಬೇಡಮ್ಮ.”

“ಏನು ಬೇಡ? ತಮಾಷೆ ಮಾಡ್ಬೇಡಿ.”

“ಕೈ ನೋಯ್ತಿದೆ. ನೀನು ಬಾರಿಸು.” ಅವಳ ತಲೆ ಸವರಿದ. “ಚೆನ್ನಾಗಿ ಬಾರಿಸ್ತೀಯಾ ನೀನು. ಅಮ್ಮನ್ನ ಕಳಿಸು, ಮನೆಗೆ ಹೋಗ್ಬೇಕು ನಾನು.”

“ಈಗ್ಲೇನಾ? ಮಾಮಾ, ಅಪ್ಪಂಗೆ ಏನಾಯ್ತು?”

ಸೋಲ್ಡರ್, “ಕೈ ನೋವಂತೆ,” ಎಂದ.

ಹೆಂಡತಿ ಬಂದಳು, ಏನೊಂದೂ ಅರ್ಥವಾಗದೆ ಸೋಲ್ಡರನಿಗೆ, “ಬರ್ತೀವಿ ಅಣ್ಣಾ,” ಎಂದಳು. ಡಬ್ಬ ತಿರುಗಿ ನೋಡಲಿಲ್ಲ. ಗೇಟಿನ ಆಚೆ ಬಸ್ಸು ಹಿಡಿಯುವವರ ಸಾಲಿನಲ್ಲಿ ಕಪ್ಪು ಅಂಗಿ ಸ್ವಲ್ಪ ಹೊತ್ತು ಕಂಡಿತು.

ಒಳಗೆ ಮಗಳ ಬ್ಯಾಂಡು ಆ ಹಾಡನ್ನು ಡಬ್ಬನಿಲ್ಲದೆಯೇ ಮುಗಿಸಿತು. ಲೈಬ್ರರಿಯವಳು ಸೋಲ್ಡರನನ್ನು ಮೂಲೆಗೆ ಕರೆದು, ಕವರ್ ಇನ್ನೂ ಅಚ್ಚಾಗಬೇಕು, ಡ್ರಮ್ಸ್ ಎನ್ನುವಲ್ಲಿ ಯಾರ ಹೆಸರು ಹಾಕಲಿ ಎಂದು ತಗ್ಗಿದ ದನಿಯಲ್ಲಿ ಕೇಳಿದಳು. ಹೋಟೆಲಿನವನ ಹೆಸರು ಅವನಿಗೆ ಗೊತ್ತಿರಲಿಲ್ಲ, ಆವತ್ತು ಕೇಳಿರಲಿಲ್ಲ. ಡಬ್ಬನ ಹೆಸರು ಹಾಕು ಎನ್ನಲು ಬಾಯಿ ಬರಲಿಲ್ಲ. ಡಿಸ್ಕ್ ಬಂದಾಗ ಆ ಜಾಗ ಖಾಲಿ ಇತ್ತು.

ಡಬ್ಬ ಫೋನ್ ಎತ್ತಲಿಲ್ಲ. ಸೋಲ್ಡರ್ ಎರಡು ಸಲ ಮನೆಗೆ ಹೋದ. ಎರಡು ಸಲವೂ ಹೆಂಡತಿ ಬಾಗಿಲಲ್ಲೇ ನಿಂತು, ಮಲಗಿದಾರೆ ಎಂದಳು. ಅಣ್ಣಾ ಎನ್ನಲಿಲ್ಲ. ಬೇಸಿಗೆಯಲ್ಲಿ ಅವರ ನೀರಿನ ಪಂಪು ಸುಟ್ಟಿತು. ಡಬ್ಬ ಅದನ್ನು ಅದೇ ಬೀದಿಯ ಇನ್ನೊಂದು ಅಂಗಡಿಗೆ ಹೊತ್ತುಕೊಂಡು ಹೋಗುವುದನ್ನು ಸೋಲ್ಡರ್ ತನ್ನ ಅಂಗಡಿಯ ಕಟ್ಟೆಯ ಮೇಲೆ ಕೂತು ನೋಡಿದ.

ಒಟ್ಟು ಕಳೆದದ್ದು ಇಷ್ಟು: ಒಂಬತ್ತು ಹಾಡು, ಒಬ್ಬ ಗೆಳೆಯ.